ಆರಾಮ ಅನ್ನಬಾರದ ಮನೆ

ನಮ್ಮ ನರ್ಸಬಾಯಿ ಬಾಯಿ ತೆರೆದು ನಕ್ಕರೆ ಬಲಗಡೆ ದವಡೆಯಲ್ಲಿ ಮೂರು ಬೆಳ್ಳಿ ಹಲ್ಲು ಕಾಣುತ್ತಿದ್ದವು. ಹೊಸದರಲ್ಲಿ ಅವು ಮದುಮಗಳ ಕಾಲುಂಗುರದ ಹಾಗೆ ಹೊಳೆದವು, ಆಮೇಲೆ ಕಪ್ಪಿಟ್ಟವು. ಆಕೆ ನಗುವುದೂ ಕಡಿಮೆಯಾಯಿತು. ನನ್ನ ಕಣ್ಣಿಗೆ ಇವತ್ತಿಗೂ ಕಟ್ಟಿರುವುದು ಆ ಮೊದಲಿನ ನಗು. ಅಗಲವಾದ ಮುಖ, ನೀಲಿ ಅಂಚಿನ ಬಿಳಿ ಸೀರೆ, ಹತ್ತಿರ ಬಂದರೆ ಫಿನೈಲಿನ ವಾಸನೆ, ಓಣಿಯ ಆ ತುದಿಗೂ ಕೇಳುವ ದನಿ.

ನವಲಗುಂದದ ಕಡೆಯ ನಮ್ಮ ಊರಿನಲ್ಲಿ ಆಕೆಯ ಕೈಯಲ್ಲಿ ಹುಟ್ಟದ ಕೂಸೇ ಅಪರೂಪ. ನನ್ನ ತಮ್ಮನೂ ಆ ಕೈಯಲ್ಲೇ ಹುಟ್ಟಿದವನು. ದಾರಿಯಲ್ಲಿ ಸಿಕ್ಕರೆ ಅವನ ಕಿವಿ ಹಿಡಿದು, "ಏ ಮೊಂಡ, ಹೊರಗ ಬರಾಕ ಒಲ್ಲೆ ಒಲ್ಲೆ ಅಂತಿದ್ದಿ, ಎಳದು ತಗದಾಕಿ ನಾನ ಲೇ" ಎನ್ನುವರು. ಅವನಿಗೆ ನಾಚಿಕೆ, ನಮಗೆ ನಗು. ಆಗ ಆ ಕೈ ಅಗದಿ ಗಟ್ಟಿ ಇತ್ತು.

ಹಲ್ಲಿನ ಮಾತು ಹೇಳಬೇಕು. ಎಪ್ಪತ್ತರ ದಶಕದ ಮೊದಲಲ್ಲಿ ಹುಬ್ಬಳ್ಳಿ ಕಡೆಯಿಂದ ಒಬ್ಬ ಹಲ್ಲಿನ ಡಾಕ್ಟರು ಸಂತೆಯ ದಿನ ನಮ್ಮ ಊರಿಗೆ ಬಂದು ಒಂದು ಅಟ್ಟದ ಕೋಣೆಯಲ್ಲಿ ಕೂಡುತ್ತಿದ್ದರು. ಹೊಲಿಗೆ ಮಷೀನಿನ ಹಾಗೆ ಕಾಲಲ್ಲಿ ತುಳಿದು ಹಲ್ಲು ಕೊರೆಯುವ ಯಂತ್ರ ಅವರದು. ಸಣ್ಣ ಕಲ್ಲಿನಲ್ಲಿ ಬೆಳ್ಳಿಯ ಪುಡಿಗೆ ಪಾದರಸ ಹಾಕಿ ಅರೆದು, ಅರಿವೆಯಲ್ಲಿ ಕಟ್ಟಿ ಹಿಂಡಿ, ಉಳಿದದ್ದನ್ನು ಹಲ್ಲಿನ ತೂತಿಗೆ ಒತ್ತುತ್ತಿದ್ದರು. ಅದಕ್ಕೆ ಊರಲ್ಲಿ ಬೆಳ್ಳಿ ತುಂಬಿಸುವುದು ಎಂದೇ ಹೆಸರು. ಇಲ್ಲದಿದ್ದರೆ ಹಲ್ಲು ನೋವಿಗೆ ಲವಂಗ, ತಡೆಯದಿದ್ದರೆ ಇಕ್ಕಳ. ಅಂಥದರಲ್ಲಿ ಬೆಳ್ಳಿ ಎಂದರೆ ಎಷ್ಟು ದೊಡ್ಡಸ್ತಿಕೆ! ನನ್ನ ಮದುವೆಗೆ ಮುಂಚೆ ಅವ್ವ ನನ್ನ ಎರಡು ಹಲ್ಲಿಗೆ ತುಂಬಿಸಿ, ಬೀಗರೆದುರು, "ಬಾಯಾಗೂ ಬೆಳ್ಳಿ ಇಟ್ಟ ಕಳಿಸೀನ್ರಿ ಮಗಳ್ನ" ಎಂದು ಹೆಮ್ಮೆಪಟ್ಟಿದ್ದಳು.

ಆ ಬೆಳ್ಳಿ ಇಟ್ಟುಕೊಂಡು ಕುಂದಗೋಳಕ್ಕೆ ಸೊಸೆಯಾಗಿ ಹೋದೆ. ಬರುಬರುತ್ತ ಬಾಯಲ್ಲಿ ತಾಮ್ರದ ದುಡ್ಡು ಚೀಪಿದ ರುಚಿ, ಜೊಲ್ಲು, ವಸಡಿಗೆ ಬಾವು. ನಿದ್ದೆ ಹೋಯಿತು. ಬಡಿಯುವಾಗ ರೊಟ್ಟಿ ಹರಿಯುವಷ್ಟು ಕೈ ನಡುಗತೊಡಗಿತು. ಬೀಗರು ಉಣ್ಣಲು ಕೂತಾಗ ಸಾರು ತಾಟಿಗೆ ಬೀಳದೆ ಮಾವನವರ ಧೋತರದ ಮೇಲೆ ಬಿತ್ತು. ಯಾರಾದರೂ ಒಂದು ಮಾತೆಂದರೆ ಅಳು, ಇಲ್ಲವೆ ಸಿಟ್ಟು. ಸಿಟ್ಟು ನನಗೆ ಹುಟ್ಟಿನಿಂದಲೇ ಇದೆ, ಸುಳ್ಳೇಕೆ ಹೇಳಲಿ. ಅಳು ಮಾತ್ರ ನನ್ನದಲ್ಲ. ಅತ್ತೆ ನನ್ನನ್ನು ನೋಡಿ ನೋಡಿ ಕೊನೆಗೆ ನನ್ನ ಅಣ್ಣನನ್ನು ಕರೆಸಿ, "ಹುಡುಗಿ ತಲಿ ಸರಿ ಇಲ್ಲ. ಕರಕೊಂಡ ಹೋಗ್ರಿ. ಆರಾಮ ಆದಮ್ಯಾಲೆ ನಾವ ಬಂದು ಕರಕೊಂಡ ಬರ್ತೀವಿ" ಎಂದರು. ನನ್ನ ಗಂಡ ಬಾಗಿಲ ಬಾಜು ನಿಂತು ಕಾಲ ಹೆಬ್ಬೆರಳು ನೋಡಿಕೊಳ್ಳುತ್ತಿದ್ದರು.

ತವರಿಗೆ ಬಂದೆ. ಅವ್ವ ಯಮನೂರಿಗೆ ಹೋಗಿ ಹರಕೆ ಹೊತ್ತಳು, ತಾಯತ ಕಟ್ಟಿಸಿದಳು. ಡಾಕ್ಟರೊಬ್ಬರು ನರದ ನಿಶ್ಶಕ್ತಿ ಎಂದು ಇಂಜಕ್ಷನ್ ಬರೆದುಕೊಟ್ಟರು. ಅದನ್ನು ಹಾಕಿಸಿಕೊಳ್ಳಲು ನರ್ಸಬಾಯಿಯ ಹತ್ತಿರ ಹೋದೆ.

ಸೂಜಿಗೆ ಔಷಧ ಏರಿಸುವಾಗ ಆಕೆಯ ಕೈ ನೋಡಿದೆ. ನಡುಗುತ್ತಿತ್ತು. ಸೀರೆಯ ಸೆರಗು ಹಿಡಿದಿದ್ದ ನನ್ನ ಕೈಯನ್ನು ಆಕೆ ನೋಡಿದರು. ಸೂಜಿ ಕೆಳಗಿಟ್ಟು, ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು.

"ಬಾಯಿ ತಗೀ" ಎಂದರು. ತೆಗೆದೆ. ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, "ರೊಕ್ಕ ಚೀಪಿದಂಗ ಆಗ್ತೈತೇನ ಬೇ?" ಎಂದು ಕೇಳಿದರು.

ಅಷ್ಟು ದಿನ ಎಲ್ಲರೂ ನನಗೆ ಏನಾಗಿದೆ ಎಂದು ತಾವೇ ಹೇಳುತ್ತಿದ್ದರೇ ಹೊರತು ಯಾರೂ ಹೀಗೆ ಕೇಳಿರಲಿಲ್ಲ. ಗೊಳೋ ಎಂದು ಅತ್ತುಬಿಟ್ಟೆ. ಆಕೆ ನನ್ನ ತಲೆಯನ್ನು ತಮ್ಮ ಹೊಟ್ಟೆಗೆ ಒತ್ತಿಕೊಂಡು, "ನಿನಗ ಹುಚ್ಚ ಹಿಡದಿಲ್ಲ. ಹಿಡದಿದ್ರ ನನಗೂ ಹಿಡದೈತಿ, ಇಬ್ಬರೂ ಕೂಡೇ ಹೋಗೂಣು" ಎಂದರು. ಆ ಕೈ ನನ್ನ ಬೆನ್ನ ಮೇಲೂ ನಡುಗುತ್ತಿತ್ತು.

ಆಕೆಗಿದ್ದದ್ದು ಒಂದು ಅನುಮಾನ ಅಷ್ಟೆ. ದವಾಖಾನೆಯಲ್ಲಿ ಥರ್ಮಾಮೀಟರ್ ಬಿದ್ದು ಒಡೆದರೆ ನೆಲದ ಮೇಲೆ ಬೆಳ್ಳಿಯ ಹನಿಗಳು ಓಡಾಡುವುದನ್ನು ಕಂಡಿದ್ದರು. ಹಲ್ಲಿನ ಡಾಕ್ಟರು ಅರಿವೆ ಹಿಂಡಿದಾಗ ಬಟ್ಟಲಿಗೆ ಬಿದ್ದದ್ದೂ ಅಂಥವೇ ಹನಿ. "ಅದು ವಿಷ, ಮುಟ್ಟಬ್ಯಾಡ್ರಿ ಅಂತ ನಮಗ ಕಲಿಸ್ಯಾರ. ಅದನ್ನ ಬಾಯಾಗ ಇಟ್ಕೊಂಡ ಅಡ್ಡಾಡಾಕ ಹತ್ತೀವಿ. ಅದರಿಂದಾನ ಹೌದೋ ಅಲ್ಲೋ ನನಗ ಗೊತ್ತಿಲ್ಲ. ಆದ್ರ ನಮಗ ಏನೋ ಆಗೈತಿ ಅನ್ನೂದು ಸುಳ್ಳಲ್ಲ" ಎಂದರು. ನನಗೆ ಅಷ್ಟು ಸಾಕಾಗಿತ್ತು.

ದವಾಖಾನೆಯ ಹಿಂದೆ ಆಕೆಗೆ ಒಂದು ಕ್ವಾರ್ಟರ್ಸ್ ಇತ್ತು. ಗಂಡ ತೀರಿ ಬಹಳ ವರ್ಷ, ಮಕ್ಕಳಿಲ್ಲ. ಸಂತೆಯ ದಿನ ಕಾಯಿಪಲ್ಲೆಯ ನೆವ ಮಾಡಿಕೊಂಡು ನಾನು ಅಲ್ಲಿಗೆ ಹೋಗುತ್ತಿದ್ದೆ. ಯಮನೂರಿನಿಂದ ಪೈಲವಾನ ಕಾಕಾ ಬರುತ್ತಿದ್ದ. ಕುಸ್ತಿಯಲ್ಲಿ ಹೆಸರು ಮಾಡಿದ ಆಸಾಮಿ. ಅವನ ಬಾಯಿಗೂ ಅದೇ ಡಾಕ್ಟರು ಬೆಳ್ಳಿ ತುಂಬಿದ್ದರು. ಈಗ ಅಂಗಿಯ ಗುಂಡಿ ಹಾಕಿಕೊಳ್ಳಲೂ ಹೆಂಡತಿಯ ಮುಂದೆ ನಿಲ್ಲಬೇಕಿತ್ತು. ಬೇರೆ ಯಾರಾದರೂ ಬಂದರೂ ಒಂದೆರಡು ಸಲ ಬಂದು ನಿಲ್ಲಿಸುತ್ತಿದ್ದರು. ಉಳಿದವರು ನಾವು ಮೂವರೇ.

ಆ ಮನೆಗೆ ಒಂದೇ ಕಟ್ಟಳೆ. ಅಲ್ಲಿ ಆರಾಮ ಅನ್ನಬಾರದು. ನಮ್ಮ ಕಡೆ ಎದುರಾದವರು "ಆರಾಮ?" ಎನ್ನುತ್ತಾರೆ, ಮೈಯಲ್ಲಿ ಜ್ವರ ಇದ್ದರೂ ನಾವು "ಆರಾಮ್ರಿ" ಎನ್ನುತ್ತೇವೆ. ಅದು ಉತ್ತರವಲ್ಲ, ಉಸಿರು ಬಿಟ್ಟ ಹಾಗೆ ಬಾಯಿಂದ ತಾನೇ ಬರುತ್ತದೆ. ಪೈಲವಾನ ಕಾಕಾ ಮೊದಲ ದಿನ ರೂಢಿಯಂತೆ, "ಆರಾಮ ಅದೀರೇನ್ರಿ ಬಾಯಾರ" ಎಂದುಬಿಟ್ಟ. ನರ್ಸಬಾಯಿ ಅವನ ಮುಂದಿನ ಚಹಾದ ಬಟ್ಟಲನ್ನು ಹಿಂದಕ್ಕೆ ಎಳೆದುಕೊಂಡರು.

"ಆರಾಮ ಇದ್ದಾವರಿಗೆ ಇಲ್ಲಿ ಚಹಾ ಇಲ್ಲ. ಎದ್ದ ನಡೀ."

ಅವನು ಗಾಬರಿಯಾಗಿ, "ಇಲ್ರಿ ಬಾಯಾರ, ತಪ್ಪಾತು, ಭಾಳ ತ್ರಾಸ ಐತ್ರಿ" ಎಂದ.

"ಹಂಗ ಹೇಳು ಮತ್ತ. ಕುಡಿ ಈಗ."

ಚಹಾ ಯಾವಾಗಲೂ ಅರ್ಧ ಬಟ್ಟಲು. ತುಂಬಿ ಕೊಟ್ಟರೆ ಚೆಲ್ಲುತ್ತದೆ ಎಂದು ಆಕೆಗೆ ಗೊತ್ತಿತ್ತು. ಎರಡು ಕೈಯಲ್ಲಿ ಹಿಡಿದು ಕುಡಿದು ಮತ್ತೆ ಅರ್ಧ ಹಾಕಿಸಿಕೊಳ್ಳುತ್ತಿದ್ದೆವು. ಯಾರೂ ಯಾರನ್ನೂ ನೋಡಿ ಅಯ್ಯೋ ಎನ್ನುತ್ತಿರಲಿಲ್ಲ. ಹೊರಗೆ ನನಗೆ ಮೈಯೆಲ್ಲ ಕಣ್ಣು ನೆಟ್ಟ ಹಾಗಾಗುತ್ತಿತ್ತು. ಅಲ್ಲಿ ಮಾತ್ರ ನಡುಗುವ ಕೈಯನ್ನು ಹಾಗೇ ತೊಡೆಯ ಮೇಲೆ ಬಿಟ್ಟು ಕೂಡುತ್ತಿದ್ದೆ.

ಒಮ್ಮೆ ಆಕೆ, "ನಿಮ್ಮ ಅತ್ತಿಯವರಿಗೆ ನಾ ಹೇಳ್ತೀನಿ ನಡೀ. ನರ್ಸ ಹೇಳಿದ್ರ ಕೇಳ್ತಾರ" ಎಂದು ನನ್ನನ್ನು ಬಸ್ಸಿನಲ್ಲಿ ಕುಂದಗೋಳಕ್ಕೆ ಕರೆದುಕೊಂಡು ಹೋದರು. ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದರು. ಅತ್ತೆ ಚಾಪೆ ಹಾಸಿ ಕೂಡಿಸಿದರು, ಮರ್ಯಾದೆಗೆ ಕೊರತೆ ಮಾಡಲಿಲ್ಲ. ನರ್ಸಬಾಯಿ ಹಲ್ಲಿನ ಕಥೆ, ಪಾದರಸದ ಕಥೆ ಎಲ್ಲ ಬಿಡಿಸಿ ಹೇಳಿದರು. ಅತ್ತೆ ತಲೆ ಆಡಿಸುತ್ತ ಕೇಳಿದರು. ನನಗೆ ಆಸೆ ಹುಟ್ಟಿತು. ಆಗ ನಾದಿನಿ ಚಹಾ ತಂದಳು, ದಂಡೆಗೆ ತುಂಬಿದ ಕಪ್ಪು, ಕೆಳಗೆ ಬಸಿ. ನರ್ಸಬಾಯಿ ಎತ್ತಿಕೊಂಡ ಕೂಡಲೇ ಕಪ್ಪು ಬಸಿಯ ಮೇಲೆ ಕಟಕಟ ಎಂದಿತು. ಚಹಾ ಇಸ್ತ್ರಿಯ ಸೀರೆಯ ಮೇಲೆ ಚೆಲ್ಲಿತು.

ಅತ್ತೆ ಆ ಕೈ ನೋಡಿದರು, ನನ್ನ ಕೈ ನೋಡಿದರು. ಒಳಗೆ ಹೋಗಿ ಮಾವನವರಿಗೆ ಹೇಳಿದ್ದು ನಮಗೆ ಕೇಳಿಸಿತು: "ಒಬ್ಬಾಕಿನ್ನ ಕಳಿಸಿದ್ವಿ, ಇಬ್ಬರಾಗಿ ಬಂದಾರ ನೋಡ್ರಿ."

ತಿರುಗಿ ಬರುವಾಗ ಬಸ್ಸಿನಲ್ಲಿ ನರ್ಸಬಾಯಿ ಬಾಯಿಗೆ ಸೆರಗು ಒತ್ತಿ ನಕ್ಕರು. "ಖರೇ ಅಂದ್ರು ನೋಡು ಮುದುಕಿ" ಎಂದರು. ನಾನೂ ನಕ್ಕೆ. ನಕ್ಕು ನಕ್ಕು ಇಬ್ಬರಿಗೂ ಕಣ್ಣಲ್ಲಿ ನೀರು ಬಂತು, ಆಮೇಲೆ ನಗು ನಿಂತಿತು, ನೀರು ನಿಲ್ಲಲಿಲ್ಲ. ಮುಂದಿನ ಸುಗ್ಗಿಗೆ ನನ್ನ ಗಂಡನಿಗೆ ಬೇರೆ ಹೆಣ್ಣು ತಂದರು.

ಅದಾದ ಮೇಲೆ ಆಕೆ ಅಟ್ಟ ಏರಿ ಹಲ್ಲಿನ ಡಾಕ್ಟರನ್ನೇ ಕೇಳಿದರು. ಅವರು ಕೆಟ್ಟವರಲ್ಲ. ತಮ್ಮ ಬಾಯನ್ನೇ ತೆರೆದು ತೋರಿಸಿದರಂತೆ. "ನನ್ನ ಬಾಯಾಗೂ ಅದ ಐತ್ರಿ ಬಾಯಾರ. ನಾ ಆರಾಮ ಇಲ್ಲೇನು? ಊರಾಗ ಎಷ್ಟ ಮಂದಿಗೆ ತುಂಬೀನಿ, ಎಲ್ಲಾರೂ ಆರಾಮ ಅದಾರ." ಇದನ್ನು ನಮಗೆ ಹೇಳುವಾಗ ನರ್ಸಬಾಯಿಯ ಮುಖ ಸಣ್ಣದಾಗಿತ್ತು.

ಆ ಹೊತ್ತಿಗೆ ಆಕೆ ಹೆರಿಗೆ ಮಾಡಿಸುವುದನ್ನು ಬಿಟ್ಟಿದ್ದರು. ಯಾರೂ ಬಿಡಿಸಿದ್ದಲ್ಲ. ಒಂದು ಕೂಸಿನ ಹೊಕ್ಕಳ ಬಳ್ಳಿ ಕತ್ತರಿಸುವಾಗ ಕತ್ತರಿ ಕೈಯಲ್ಲಿ ನಿಲ್ಲದೆ, ಅದನ್ನು ಆಯಾಳ ಕೈಗೆ ಕೊಟ್ಟು ಹೊರಗೆ ಬಂದರಂತೆ. ಮತ್ತೆ ಆ ಕೋಣೆಗೆ ಹೋಗಲಿಲ್ಲ. ಔಷಧದ ಚೀಟಿ ಹಿಡಿದವರಿಗೆ ಗುಳಿಗೆ ಎಣಿಸಿ ಕೊಡುವ ಕೆಲಸಕ್ಕೆ ಕೂತರು. ಒಳಗೆ ಕೂಸು ಅತ್ತರೆ ಎಣಿಕೆ ತಪ್ಪುತ್ತಿದ್ದರು.

ನಮಗೆ ಉಳಿದದ್ದು ಒಂದೇ ದಾರಿ, ಬೆಳ್ಳಿ ತುಂಬಿದ ಹಲ್ಲು ಕೀಳಿಸಿಬಿಡುವುದು. ಪೈಲವಾನ ಕಾಕಾ ಅವತ್ತೇ ಹೋಗೋಣ ಎಂದು ಎದ್ದು ನಿಂತ. ನಾನೂ ಎದ್ದೆ. ನನ್ನ ಹರೆಯ, ನನ್ನ ಸಂಸಾರ ಎಲ್ಲ ಆ ಎರಡು ಹಲ್ಲಿನಲ್ಲಿ ಸಿಕ್ಕಿಕೊಂಡಿದೆ ಎಂದು ನಂಬಿದ್ದೆ. ನರ್ಸಬಾಯಿ ಇಬ್ಬರನ್ನೂ ಗದರಿಸಿ ಕೂಡಿಸಿದರು.

"ಸುಮ್ಮಕೂಡ್ರಿ. ಮೊದಲ ನಂದ ಕೀಳಸ್ತೀನಿ. ನನಗ ಗುಣ ಕಂಡ್ರ ನೀವು ಹೋಗ್ರಿ. ಹೋದ ಹಲ್ಲ ಮತ್ತ ಬರೂದಿಲ್ಲ."

ಹೇಳಿದ ಹಾಗೆ ಮಾಡಿದರು. ದವಡೆ ಬಾತು, ನೆತ್ತರು ಉಗುಳುತ್ತ ಬಹಳ ದಿನ ಮಲಗಿದರು. ರೊಟ್ಟಿಯನ್ನು ಹಾಲಲ್ಲಿ ನೆನೆಸಿ ನಾನೇ ತಿನ್ನಿಸಿದೆ. ಬಲಗಡೆಯ ಗಲ್ಲ ಒಳಗೆ ಸೇದಿಹೋಯಿತು. ಊರವರು ಇದಕ್ಕೂ ನಕ್ಕರು. ನಾವು ಕಾದೆವು. ಸಂತೆಯ ಮೇಲೆ ಸಂತೆ ಹೋಯಿತು, ಮಳೆಗಾಲ ಹೋಗಿ ಚಳಿ ಬಂತು. ಪ್ರತಿ ಸಲ ನಾವಿಬ್ಬರೂ ಆಕೆಯ ಮುಖ ನೋಡುವುದು, ಆಕೆ "ತಡೀರಿ ಇನ್ನಷ್ಟ ದಿನ" ಎನ್ನುವುದು.

ಒಂದು ಸಂತೆಯ ದಿನ ಆಕೆ ನಮ್ಮಿಬ್ಬರನ್ನು ಎದುರು ಕೂಡಿಸಿಕೊಂಡರು. ಅರ್ಧ ಬಟ್ಟಲು ಚಹಾ ಬಲಗೈಯಲ್ಲಿ ಎತ್ತಿ ನಮ್ಮ ಮುಂದೆ ಹಿಡಿದರು. ಚಹಾ ದಂಡೆ ದಾಟಿ ಮುಂಗೈ ಮೇಲೆ ಇಳಿಯಿತು. ಮೊದಲಿಗಿಂತ ಹೆಚ್ಚೇ ನಡುಗುತ್ತಿತ್ತು.

"ಏನೂ ಆಗಿಲ್ಲ" ಎಂದರು.

ಪೈಲವಾನ ಕಾಕಾ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋದ. ಮತ್ತೆ ಬರಲಿಲ್ಲ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಒಂದ ಸುಳ್ಳ ಹೇಳಿದ್ರ ಏನಾಗ್ತಿತ್ರಿ ನಿಮಗ? ಸ್ವಲ್ಪ ಆರಾಮ ಅಂದಿದ್ರ ಆಗ್ತಿದ್ದಿಲ್ಲೇನು?" ಎಂದು ಕೂಗಾಡಿದೆ.

"ಅಂತಿದ್ದೆ" ಎಂದರು ಆಕೆ. "ಅಂದಿದ್ರ ನಾಳೆ ನೀ ಹೋಗಿ ಬಾಯಿ ಖಾಲಿ ಮಾಡ್ಕೊಂಡ ಬರ್ತಿದ್ದಿ. ಆಮ್ಯಾಲೆ ಮುಂಜಾನೆದ್ದು ಕೈ ನೋಡ್ಕೊಂಡ ನನ್ನ ಮಾರಿ ಹೆಂಗ ನೋಡ್ತಿದ್ದಿ?"

ಅಂದಿನಿಂದ ನಾವಿಬ್ಬರೇ. ಗುಣದ ಮಾತು ಬಿಟ್ಟೆವು. ಪಾದರಸವೋ ಮತ್ತೇನೋ, ಆ ಮಾತನ್ನೂ ಬಿಟ್ಟೆವು. ಇವತ್ತಿಗೂ ನನಗೆ ಗೊತ್ತಿಲ್ಲ. ನನ್ನ ಎರಡು ಹಲ್ಲು ಬಾಯಲ್ಲೇ ಇವೆ, ಕೈ ಇನ್ನೂ ನಡುಗುತ್ತದೆ.

ಕೊನೆಗೆ ಆಕೆಯ ಕಾಲು ಬಾತವು, ಮುಖ ಬಾತಿತು. ಕ್ವಾರ್ಟರ್ಸಿನಲ್ಲೇ ಮಲಗಿದರು. ನೋಡಲು ಬಂದವರೆಲ್ಲ, "ಆರಾಮ ಆಗ್ತೀರಿ ತಗೋರಿ ಬಾಯಾರ" ಎಂದು ಹೋಗುತ್ತಿದ್ದರು. ಆಕೆ ಗೋಡೆ ಕಡೆ ಹೊರಳುತ್ತಿದ್ದರು. ಒಂದು ಸಂಜೆ ಎಲ್ಲರೂ ಹೋದ ಮೇಲೆ, "ಬಾಗಲಾ ಹಾಕು" ಎಂದರು. ಹಾಕಿ ಬಂದೆ. "ಹಾಂ, ಹೇಳು ಈಗ" ಎಂದರು.

"ರಾತ್ರಿ ಕಣ್ಣ ಮುಚ್ಚಿಲ್ರಿ. ಬಾಯಿ ಕಹಿ ಐತಿ. ಕೈ ನಡಗೂದು ನಿಂತಿಲ್ಲ. ನೀವು ಹೋದ್ರ ನನಗ ಯಾರೂ ಇಲ್ರಿ" ಎಂದೆ.

"ಛಲೋ ಹೇಳಿದಿ" ಎಂದು ನನ್ನ ಕೈ ಹಿಡಿದುಕೊಂಡರು. ಯಾವ ನಡುಕ ಯಾರದೆಂದು ತಿಳಿಯಲಿಲ್ಲ. ಬೆಳಗಾಗುವುದರೊಳಗೆ ಹೋಗಿಬಿಟ್ಟರು.

ಮಣ್ಣಿಗೆ ಊರೇ ಬಂದಿತ್ತು. ಆಕೆ ಎಳೆದು ತೆಗೆದ ಮಕ್ಕಳೆಲ್ಲ ದೊಡ್ಡವರಾಗಿ ನಿಂತಿದ್ದರು. ನನ್ನ ತಮ್ಮ ಹೆಗಲು ಕೊಟ್ಟ. ತಿರುಗಿ ಬರುವಾಗ ದವಾಖಾನೆಯ ಹಿಂದೆ ಹಾದು ಬಂದೆವು. ಕ್ವಾರ್ಟರ್ಸಿಗೆ ಆಗಲೇ ಬೀಗ ಬಿದ್ದಿತ್ತು. ನಮ್ಮ ಓಣಿಯ ಹಿರಿಯಳೊಬ್ಬಳು ನನ್ನ ಬಾಜು ಬಂದು, ಭುಜದ ಮೇಲೆ ಕೈ ಇಟ್ಟು, "ಹೆಂಗದೀ ಯವ್ವಾ? ಆರಾಮ?" ಎಂದಳು.

ನಡುಗುವ ಕೈಯನ್ನು ಸೆರಗಿನೊಳಗೆ ತೆಗೆದುಕೊಂಡೆ.

"ಆರಾಮ್ರಿ" ಎಂದೆ.