ಕೊಂಡಿಯಿಲ್ಲದ ಸೆರಗು

ನಮ್ಮ ಸ್ಟುಡಿಯೋ ಎಂದರೆ ಬಾಗಲಕೋಟೆಯ ನವನಗರದಲ್ಲಿ ನಮ್ಮ ಮನೆಯ ಮುಂದಿನ ಕೋಣೆ. ನಾವು ಮೂರೇ ಜನ: ನಾನು, ಬಾದಾಮಿಯಿಂದ ದಿನಾ ಬಸ್ಸಿಗೆ ಬರುವ ಒಬ್ಬ ಗೆಳೆಯ, ಹುನಗುಂದದ ಒಬ್ಬ ಗೆಳತಿ. ಸಿನಿಮಾದವರು ಶೂಟಿಂಗ್ ಮಾಡಿ ಕಳಿಸಿದ ದೃಶ್ಯದಲ್ಲಿ ಮನುಷ್ಯರ ಅಂಚಿಗೆ ಗೆರೆ ಎಳೆದು, ಒಂದೊಂದೇ ಫ್ರೇಮ್ ಕತ್ತರಿಸಿ ಕೊಡುವುದು ನಮ್ಮ ಕೆಲಸ. ಕತ್ತರಿಸುವವರು ನಾವು, ಅದನ್ನು ಕೂಡಿಸಿ ಹೆಸರು ಮಾಡುವವರು ಹೈದರಾಬಾದಿನ ಮುಖ್ಯ ಕಚೇರಿಯವರು. ಆರು ವರ್ಷ ಇದನ್ನೇ ಮಾಡಿ ನನಗೆ ತಲೆ ಕೆಟ್ಟಿತ್ತು.

ಆಗ ಅವರೇ ಒಂದು ಹೊಸ ಸಾಫ್ಟ್‌ವೇರ್ ಕಳಿಸಿದರು. ಗುಡ್ಡ, ನೀರು, ಮನುಷ್ಯರು, ಬಟ್ಟೆ ಎಲ್ಲವೂ ಬೇರೆ ಬೇರೆ ಫೈಲಿನಲ್ಲಿ ತಯಾರಾಗಿ ಬರುತ್ತವೆ. ಇದು ಅವನ್ನು ಒಂದೇ ದೃಶ್ಯವಾಗಿ ಕೂಡಿಸಿ, ಬೆಳಕು ಹಾಕಿ, ಬಟ್ಟೆಗೆ ಗಾಳಿ ಬೀಸಿಸಿ, ಕೊನೆಗೆ ಚಿತ್ರ ತೆಗೆದುಕೊಡುತ್ತದೆ. ಕೊಳ್ಳುವ ಮೊದಲು ಹೇಗಿದೆ ನೋಡಿ ವರದಿ ಕೊಡಿ, ಕೆಲಸ ಒಪ್ಪಿಗೆಯಾದರೆ ಇನ್ನು ಪೂರ್ತಿ ದೃಶ್ಯಗಳನ್ನೇ ನಿಮಗೆ ಒಪ್ಪಿಸುತ್ತೇವೆ ಎಂದರು. ಇಲ್ಲವಾದರೆ ಮತ್ತೆ ಗೆರೆ ಎಳೆಯುವುದೇ ಗತಿ.

ಪರೀಕ್ಷೆಗೆ ನಾನು ಬಾದಾಮಿಯ ಕೆರೆಯನ್ನೇ ಆರಿಸಿದೆ. ಗೆಳೆಯ ಮಂಗಗಳ ಕಾಟ ತಡೆದುಕೊಂಡು ಬಂಡೆಗಳ ಫೋಟೋ ತೆಗೆದು, ಅವನ್ನು ಕಂಪ್ಯೂಟರಿನಲ್ಲಿ ಕಟ್ಟಿದ. ಗೆಳತಿ ಮೆಟ್ಟಿಲ ಮೇಲೆ ನಿಂತ ಒಬ್ಬ ಹೆಂಗಸನ್ನು ಅದರಲ್ಲೇ ಮಾಡಿ ಇಳಕಲ್ ಸೀರೆ ಉಡಿಸಿದಳು. ಬಣ್ಣ ಬದಲಿಸಲು ಸಲೀಸು ಎಂದು ಸೀರೆಯ ಒಡಲನ್ನೂ ಸೆರಗನ್ನೂ ಎರಡು ಫೈಲ್ ಮಾಡಿಸಿದ ಜಾಣೆ ನಾನೇ. ಹಳೆಯ ಸಾಫ್ಟ್‌ವೇರ್ ಇಂಥ ದೃಶ್ಯ ತೆರೆಯುವಷ್ಟರಲ್ಲಿ ಒಂದು ಊಟ ಮುಗಿಯುತ್ತಿತ್ತು. ಇದು ನಾನು ಚಹಾ ಕುಡಿದು ಕಪ್ಪು ಕೆಳಗಿಡುವ ಮೊದಲೇ ಕೆರೆ, ಕೆಂಪು ಬಂಡೆ, ಸೀರೆ ಎಲ್ಲ ತಂದು ನಿಲ್ಲಿಸಿತು. ರೂಢಿಯಂತೆ ಒಂದೊಂದೇ ಫ್ರೇಮ್ ನಿಲ್ಲಿಸಿ ಅಂಚು ನೋಡುತ್ತ ಹೋದೆ. ಎಲ್ಲವೂ ಚೆಂದ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿದಂತೆ, 'ದೋಷವಿಲ್ಲ' ಎಂದು ವರದಿಯನ್ನೂ ಬರೆದಿಟ್ಟೆ.

ಅದನ್ನು ಕಳಿಸಬೇಕಾದ ದಿನ ಮಧ್ಯಾಹ್ನ ಅತ್ತೆ ಚುರುಮುರಿ ತಂದು ನನ್ನ ಪಕ್ಕದ ಸ್ಟೂಲಿನ ಮೇಲೆ ಕುಳಿತರು. ಇಳಕಲ್ಲಿನಲ್ಲಿ ನಲವತ್ತು ವರ್ಷ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಣಿಮಗ್ಗದಲ್ಲಿ ನೇಯ್ದವರು ಅವರು. ಮೊಣಕಾಲು ಸೋತು ಮಗ್ಗ ಬಿಟ್ಟ ಮೇಲೆ ನಮ್ಮಲ್ಲಿಗೆ ಬಂದರು. 'ನನ್ನ ಕೆಲಸ ಮುಗೀತವಾ' ಎನ್ನುವುದು ಅವರ ದಿನದ ಮಾತಾಗಿತ್ತು.

ಪರದೆ ನೋಡಿ ಕೇಳಿದರು: "ಈ ಸೀರಿ ಎಲ್ಲೀದು?"

"ಇಳಕಲ್‌ದ ಐತ್ರಿ, ಅತ್ತಿ."

"ಸುಳ್ಳ ಹೇಳಬ್ಯಾಡ. ಇದಕ್ಕ ಕೊಂಡೀನ ಇಲ್ಲ. ಒಡಲು ಒಂದ್ಕಡಿ, ಸೆರಗು ಒಂದ್ಕಡಿ. ಗಾಳಿ ಬಂದ್ರ ಸೆರಗು ಹಾರಿ ಹೊಕ್ಕೈತಿ ನೋಡು."

ಕೊಂಡಿ ಎಂದರೆ ಅವರ ಊರಿನ ಕೈಚಳಕ. ನೇಯುವ ಮೊದಲೇ ಒಡಲಿನ ಒಂದೊಂದು ಎಳೆಗೆ ಸೆರಗಿನ ಒಂದೊಂದು ಎಳೆಯನ್ನು ಕುಣಿಕೆಯಂತೆ ಸಿಕ್ಕಿಸುತ್ತಾರೆ. ನನಗೆ ನಗು ಬಂತು. "ಕಂಪ್ಯೂಟರಿನ ಸೀರಿಗೆ ಎಲ್ಲಿ ಕೊಂಡಿ ಬರ್ತೈತ್ರಿ?" ಎಂದೆ. ಅವರ ಬಾಯಿ ಮುಚ್ಚಿಸೋಣವೆಂದೇ, ಫ್ರೇಮುಗಳನ್ನು ನಿಲ್ಲಿಸದೆ ಗಾಳಿಯ ದೃಶ್ಯವನ್ನು ಒಮ್ಮೆಲೇ ಓಡಿಸಿದೆ.

ನಿಂತಾಗ ನನ್ನ ಕಣ್ಣಿಗೆ ಕೂದಲೆಳೆಯಷ್ಟೂ ಕಾಣದ ಸಂದು, ಓಡುವಾಗ ತೆರೆದು ಮುಚ್ಚಿ ತೆರೆಯುತ್ತಿತ್ತು. ಎರಡು ತುಂಡಿಗೂ ಗಾಳಿ ಬೇರೆ ಬೇರೆ ಬೀಸುತ್ತಿತ್ತು. ಕತ್ತರಿಸಿ ಕತ್ತರಿಸಿ, ನಾನು ದೃಶ್ಯವನ್ನು ಓಡಿಸಿ ನೋಡುವುದನ್ನೇ ಮರೆತಿದ್ದೆ. ನಾಚಿಕೆಯಾಯಿತು, ಅತ್ತೆಯ ಮೇಲೆ ಸಿಟ್ಟೂ ಬಂತು, ಅದನ್ನೇಕೆ ಮುಚ್ಚಿಡಲಿ!

ತಪ್ಪು ಸಾಫ್ಟ್‌ವೇರಿನದಲ್ಲ. ಎರಡು ಅಂಚುಗಳ ಬಿಂದುಗಳನ್ನು ಒಂದಕ್ಕೊಂದು ಕಟ್ಟುವ ಅನುಕೂಲ ಅದರಲ್ಲೇ ಇತ್ತು. ಅದಾಗಿಯೇ ಕಟ್ಟುವುದಿಲ್ಲ, ಅಷ್ಟೇ. ಕಟ್ಟಲು ಕುಳಿತೆ. ಅವಸರಕ್ಕೆ ಒಂದು ಬಿಟ್ಟು ಒಂದು ಕಟ್ಟುತ್ತಿದ್ದಾಗ ಅತ್ತೆ ಗದರಿದರು: "ಒಂದಕ್ಕ ಒಂದು, ಲೆಕ್ಕ ತಪ್ಪಬ್ಯಾಡ. ಒಂದೆಳಿ ಬಿಟ್ರ ಅಲ್ಲೇ ಹರೀತೈತಿ." ಸಂಜೆಗೆ ಮತ್ತೆ ಗಾಳಿ ಬೀಸಿಸಿದೆ. ಒಡಲು ಮತ್ತು ಸೆರಗು ಕೂಡಿಯೇ ಹಾರಿದವು. ಅತ್ತೆ ಪರದೆಯ ಮೇಲೆ ಬೆರಳಾಡಿಸಿ, "ಈಗ ಉಡಬಹುದು" ಎಂದರು.

ವರದಿಯನ್ನು ಹೊಸದಾಗಿ ಬರೆದೆ. ನನ್ನ ತಪ್ಪನ್ನು ಮೊದಲ ಸಾಲಿನಲ್ಲೇ ಇಟ್ಟೆ. ಸಾಫ್ಟ್‌ವೇರ್ ಕೊಳ್ಳಿ, ಆದರೆ ಕೂಡಿಸುವ ಜಾಗವನ್ನು ಮನುಷ್ಯರೇ ನೋಡಲಿ ಎಂದೆ. 'ಪರೀಕ್ಷಿಸಿದವರು' ಎಂಬಲ್ಲಿ ನನ್ನ ಸಹಿಯ ಕೆಳಗೆ ಅತ್ತೆಯ ಸಹಿ ಹಾಕಿಸಿ, 'ನೇಕಾರರು, ನಲವತ್ತು ವರ್ಷದ ಅನುಭವ' ಎಂದು ಬರೆದೆ.

ವಾರದೊಳಗೆ ಉತ್ತರ ಬಂತು. ಇನ್ನು ಪೂರ್ತಿ ದೃಶ್ಯಗಳೇ ಬಾಗಲಕೋಟೆಗೆ. ಒಂದೇ ಷರತ್ತು, ಪ್ರತಿ ಶಾಟನ್ನೂ ಆ ಎರಡನೆಯ ಸಹಿಯವರು ನೋಡಿಯೇ ಕಳಿಸಬೇಕು. ಓದಿ ಹೇಳಿದೆ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ತಾವು ಕುಳಿತಿದ್ದ ಸ್ಟೂಲನ್ನು ಕಾಲಿನಿಂದ ಆಚೆ ತಳ್ಳಿದರು.

"ಹಂಗಾದ್ರ ನನಗೂ ನಿನ್ನ ಕುರ್ಚಿಯಂಥಾದೊಂದು ತರಸು."