ಕಾರು ಕುಡಿದ ಅಜ್ಜಿಯ ಮಡಿ ನೀರು

ಇವತ್ತು ಗಚ್ಚಿಬೌಲಿಯಲ್ಲಿ ಮೊಮ್ಮಗನ ಕಾರಿನೊಳಗೆ ಇಂಜಿನ್ ಕಾದಿದೆಯೆಂಬ ಕೆಂಪು ದೀಪ ಹತ್ತಿತು.

"ಆಫೀಸ್ ಇಲ್ಲೇ ಐತಿ, ಅಜ್ಜಾ."

"ಮೊದಲು ನಿಲ್ಲಸೋ" ಎಂದು ಬೈದೆ. ಬಿಸಿ ಆವಿಯ ವಾಸನೆಗೆ ನನ್ನ ಅಜ್ಜಿ ನೆನಪಾದಳು.

ನಾನು ಚಿಕ್ಕವನಿದ್ದಾಗ ಒಮ್ಮೆ ನನಗೆ ಜ್ವರ ಏರಿತ್ತು. ಬೀದರ್‌ನಿಂದ ಇದೇ ನಗರದ ಆಸ್ಪತ್ರೆಗೆ ಹೊರಟ ಕಾಕಾನ ಕಾರು ದಾರಿಯಲ್ಲೇ ಕುದಿಯಿತು. ನೀರಿದ್ದದ್ದು ಅಜ್ಜಿಯ ಬಿಂದಿಗೆಯಲ್ಲಿ ಮಾತ್ರ. ಮಡಿ ಹೆಂಗಸು, ತಾನೇ ಸೇದಿದ ನೀರಲ್ಲದೆ ಬೇರೆ ಕುಡಿಯುತ್ತಿರಲಿಲ್ಲ. ಇಂಜಿನ್ ಆರಿದ ಮೇಲೆ ಬಿಂದಿಗೆಯನ್ನು ಕಾಕಾನ ಮುಂದಿಟ್ಟಳು.

"ನೀ ಏನ್ ಕುಡೀತಿ, ಅವ್ವಾ?"

"ಕೂಸಿನ ಮೈ ಸುಡಾಕತ್ತೈತಿ. ಸುಮ್ನ ಹಾಕು."

ಆಸ್ಪತ್ರೆಯಲ್ಲಿ ನನ್ನ ಜ್ವರ ಇಳಿಯುವವರೆಗೂ ಬಾಯಿ ಒಣಗಿಸಿಕೊಂಡು ಕೂತಳು. ಆಮೇಲೆ ನಾನು ಕುಡಿದು ಬಿಟ್ಟ ಎಂಜಲು ನೀರನ್ನೇ ಎತ್ತಿ ಕುಡಿದಳು.

ಮೊಮ್ಮಗ ಬಾನೆಟ್‌ಗೆ ಕೈ ಹಾಕಿದ.

"ತಡಿ, ಆರಲಿ. ಕೈ ಸುಟ್ಟೀತು" ಎಂದೆ.