ಬ್ಯಾಡಗಿಯ ಕೆಮ್ಮು

ಮೊನ್ನೆ ಪಾಪ್ರಿಕಾ ಎಂಬ ಕೆಂಪು ಮೆಣಸಿನ ಪುಡಿಯ ಹೊಸ ಡಬ್ಬಿಯ ಮುಚ್ಚಳ ತೆಗೆದೆ. ಎಂಥ ವಾಸನೆ ಅಂತ ಕೇಳಬೇಡಿ... ಅದನ್ನು ಹೇಳಲು ಬಂದಿದ್ದರೆ ಇದನ್ನು ಬರೆಯುತ್ತಲೇ ಇರಲಿಲ್ಲ. ಡಬ್ಬಿಯೊಳಗಿಂದ ಎದ್ದು ಬಂದವರು ಮಾತ್ರ ಪಕ್ಕದ ಮನೆಯ ಡಾಕ್ಟರ್ ಅಂಕಲ್.

ನಾನಾಗ ಶೆಫೀಲ್ಡಿನಲ್ಲಿ ಓದುತ್ತಿದ್ದೆ. ಬ್ರೆಕ್ಸಿಟ್ ಮತದಾನ ಇನ್ನೂ ಆಗಿರಲಿಲ್ಲ. ನನ್ನ ಬಾಡಿಗೆ ಕೋಣೆಗೂ ಅವರ ಮನೆಗೂ ಒಂದೇ ಗೋಡೆ. ಹಾವೇರಿ ಕಡೆಯವರು, ಆಸ್ಪತ್ರೆಯಿಂದ ನಿವೃತ್ತರು. ಆಂಟಿಯ ಜೊತೆ ದಖನಿ ಉರ್ದು, ನನ್ನ ಜೊತೆ ಕನ್ನಡ, ಕೌನ್ಸಿಲ್‌ನವರ ಫೋನ್ ಬಂದರೆ ವಾರ್ತೆ ಓದುವವರ ಇಂಗ್ಲಿಷ್. ಮೂರನ್ನೂ ನಾನು ನಕಲು ಮಾಡುತ್ತಿದ್ದೆ. ಟ್ರಾಮ್ ಕಂಡಕ್ಟರ್, ನಮ್ಮ ಪ್ರೊಫೆಸರ್, ವೀಸಾ ಸಂದರ್ಶನದಲ್ಲಿ ತೊದಲಿದ ನಾನು... ನನ್ನ ಬಾಯಿಂದ ಯಾರಿಗೂ ಬಿಡುಗಡೆ ಇರಲಿಲ್ಲ. ಹಿತ್ತಲ ಬೇಲಿಯ ಮೇಲಿಂದ ಚಹಾ ದಾಟಿಸಿ ಅಂಕಲ್ ಆರ್ಡರ್ ಕೊಡುತ್ತಿದ್ದರು: "ಇವತ್ತ ನನ್ನ ಮಾಡು ನೋಡೂಣು."

ಆ ಚಳಿಗಾಲ ಅಂಕಲ್ ನಮ್ಮ ಬೀದಿಯ ಇಳಿಜಾರಿನಲ್ಲಿ ಹೆಪ್ಪುಗಟ್ಟಿದ ಹಿಮದ ಮೇಲೆ ಜಾರಿ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರು. ತಲೆ ವಾಸಿಯಾಯಿತು, ವಾಸನೆ ಹೋಯಿತು. ನನಗೆ ಗೊತ್ತಾದದ್ದು ಅವರ ಮನೆಯ ಸ್ಮೋಕ್ ಅಲಾರ್ಮ್ ಕೂಗಿದಾಗ. ಓಡಿಹೋದರೆ ಟೋಸ್ಟರಿನಲ್ಲಿ ಬ್ರೆಡ್ ಇದ್ದಿಲಾಗಿತ್ತು, ಪಕ್ಕದಲ್ಲೇ ನಿಂತು ಅಂಕಲ್ ಪೇಪರ್ ಓದುತ್ತಿದ್ದರು. "ಮೂಗೂ ರಿಟೈರ್ ಆತು ತಮ್ಮಾ," ಎಂದು ನಕ್ಕರು. ಡಾಕ್ಟರ್ ತಾನೇ, ಅದು ಮರಳಿ ಬರುವುದು ಕಷ್ಟ ಎಂದು ಅವರಿಗೆ ಗೊತ್ತಿತ್ತು. ಆದರೂ ಒಂದೇ ಒಂದು ವಾಸನೆ ಬೇಕಾಗಿತ್ತು. ಅವರ ತಾಯಿ ಹುರಿಯುತ್ತಿದ್ದ ಬ್ಯಾಡಗಿ ಮೆಣಸಿನಕಾಯಿಯದು. ಇಂಡಿಯನ್ ಅಂಗಡಿಯ ಪೊಟ್ಟಣಗಳನ್ನೆಲ್ಲ ಮೂಸಿ ಸೋತಿದ್ದರು.

ಅಷ್ಟರಲ್ಲಿ ಶೆಫೀಲ್ಡಿನಲ್ಲಿ ಹೊಸ ಶೈಲಿಯ ಹಂಗೇರಿಯನ್ ಊಟದ ರೆಸ್ಟೋರೆಂಟ್ ತೆರೆಯಿತು. "ಅವರ ಪಾಪ್ರಿಕಾ ಮೆಣಸಿನಕಾಯಿ ನಮ್ಮ ಬ್ಯಾಡಗಿ ತಂಗಿ ಇದ್ದಂಗ. ತಂಗಿ ಕರದ್ರ ಅಕ್ಕ ಬರ್ತಾಳೇನ ನೋಡೂಣು," ಎಂದು ನನ್ನನ್ನು ಎಳೆದೊಯ್ದರು.

ವೇಟರ್ ನನ್ನ ಲೋಟಕ್ಕೆ ತಮ್ಮ ದೇಶದ ಕೆಂಪು ವೈನ್ ಸುರಿದು, ಕಣ್ಣು ಮುಚ್ಚಿ, ಚೆರ್ರಿ, ಹೊಗೆಸೊಪ್ಪು, ಒದ್ದೆ ಕಲ್ಲಿನ ವಾಸನೆ ಬರುತ್ತದೆ ನೋಡಿ ಎಂದ. ನನಗೆ ಬಂದದ್ದು ವೈನಿನ ವಾಸನೆ ಮಾತ್ರ. ಆದರೂ ಅವನಂತೆಯೇ ಕಣ್ಣು ಮುಚ್ಚಿ ತಲೆಯಾಡಿಸಿದೆ. ಅಂಕಲ್ ಲೋಟಕ್ಕೆ ಕೈ ಚಾಚಿದರು. "ಕುಡಿಯಂಗಿಲ್ಲ. ಮೂಸಿದ್ರ ಏನ ಪಾಪ?" ಮೂಸಿದರು. ವಾಪಸ್ಸಿಟ್ಟರು. "ಇಂವಗ ಕಲ್ಲಿಂದೂ ವಾಸನಿ ಬರತದ ನೋಡು," ಎಂದರು.

ಮೀನಿನ ಸಾರು ಬಂತು. ಅಗಲ ಬಟ್ಟಲ ನಡುವೆ ಹೆಬ್ಬೆರಳಿನಷ್ಟು ಮೀನು. ವೇಟರ್ ಪುಟ್ಟ ಜಗ್ಗಿನಿಂದ ಕೆಂಪು ಸಾರನ್ನು ಅದರ ಸುತ್ತ ಅಭಿಷೇಕದಂತೆ ಸುರಿದ. ಹಬೆ ಎದ್ದಿತು. ಅಂಕಲ್ ಕನ್ನಡಕ ತೆಗೆದು ಬಟ್ಟಲಿನ ಮೇಲೆ ಬಾಗಿದರು. ಬಹಳ ಹೊತ್ತು ಬಾಗಿಯೇ ಇದ್ದರು...

"ಏನೂ ಬರವಲ್ದು," ಎಂದರು. ಆಮೇಲೆ, "ಎಲ್ಲಾರ ನಕಲು ಮಾಡ್ತೀಯಲ್ಲ, ಇದರದ ಮಾಡು."

"ವಾಸನೆ ನಕಲು ಹೆಂಗೆ ಮಾಡೋದು ಅಂಕಲ್?"

"ಅದನ್ನ ಕೇಳಾಕತ್ತೇನಿ."

ಖಾರ ಅಂದೆ, ಸಿಹಿ ಅಂದೆ, ಬಿಸಿಲು ಅಂದೆ. ವೇಟರನ ಒದ್ದೆ ಕಲ್ಲಿಗಿಂತ ಕಡೆಯಾಯಿತು. ಬೇರೇನೂ ತೋಚದೆ, ಮೆಣಸಿನಕಾಯಿ ಹುರಿಯುವ ಮನೆಯನ್ನೇ ನಕಲು ಮಾಡಿಬಿಟ್ಟೆ. ಒಲೆ ಮುಂದೆ ಅಮ್ಮನ ಕೆಮ್ಮು, ಜಗಲಿಯಲ್ಲಿ ಅಜ್ಜನ ಸೀನು, ಪಕ್ಕದ ಮನೆಯವಳು ಕೆಮ್ಮುತ್ತಲೇ ಬಯ್ಯುವುದು, ಎಲ್ಲವನ್ನೂ. ನನ್ನ ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆಯೆಂದು ವೇಟರ್ ನೀರು ಹಿಡಿದು ಓಡಿಬಂದ. ಅಂಕಲ್ ನಕ್ಕು ನಕ್ಕು ನ್ಯಾಪ್ಕಿನ್‌ನಿಂದ ಕಣ್ಣೊರೆಸಿಕೊಂಡರು.

"ಬ್ಯಾಡಗಿ ಇಷ್ಟ ಕೆಮ್ಮಸಂಗಿಲ್ಲೋ. ನೀ ಹುರದದ್ದು ಗುಂಟೂರು. ಬ್ಯಾಡಗಿಗೆ ಎರಡ ಕೆಮ್ಮು, ಸಾಕು." ನ್ಯಾಪ್ಕಿನ್ ಮಡಚಿಟ್ಟರು. "ಮನಿ ತುಂಬ ಕೆಮ್ಮು ಕೇಳಿಸ್ತು. ವಾಸನಿ ಮಾತ್ರ ಬರಲಿಲ್ಲೋ ತಮ್ಮಾ."

ವೇಟರ್ ತಂದಿದ್ದ ನೀರನ್ನು ಕುಡಿದೆ. ಸಾರು ಆರಿತು.

ಮುಂದೆ ಕೆಲಸ ಸಿಕ್ಕಿ ನಾನು ವುಲ್ವರ್‌ಹ್ಯಾಂಪ್ಟನ್‌ಗೆ ಬಂದೆ. ಕೆಲವು ವರ್ಷಗಳ ನಂತರ ಆಂಟಿ ಫೋನ್ ಮಾಡಿ, ಅವರು ಹೋದರು ಎಂದರು. ಮೂಗು ಕೊನೆಯವರೆಗೂ ಹಾಗೆಯೇ ಇತ್ತಂತೆ.

ಮೊನ್ನೆ ಕಾದ ಎಣ್ಣೆಗೆ ಒಂದು ಚಮಚ ಪಾಪ್ರಿಕಾ ಹಾಕಿದೆ. ಘಾಟು ಎದ್ದಿತು. ಕೆಮ್ಮು ಬಂತು, ಮತ್ತೊಂದು ಬಂತು, ಅಷ್ಟಕ್ಕೇ ನಿಂತಿತು. ಈ ಸಲ ನಕಲಲ್ಲ. ಸರಿಯಾಯಿತೇ ಎಂದು ಕೇಳಲು ಗೋಡೆಯ ಆಚೆ ಅವರಿಲ್ಲ.